ವೈದ್ಯಕೀಯ ಸಹಾಯಕರ ತರಬೇತಿ: ರೋಗಿಯ ಮುಂದೆ ಕಳೆದ ಗಂಟೆಗಳೆಷ್ಟು?

ಮಾನ್ಯ ಸಂಪಾದಕರೇ,

ಪರೀಕ್ಷೆಗಳ ಫಲಿತಾಂಶ ಹೊರಬೀಳುವ ಹೊತ್ತಿಗೆ ಪತ್ರಿಕೆಗಳ ಶಿಕ್ಷಣ ಪುರವಣಿಗಳಲ್ಲಿ ವೈದ್ಯಕೀಯ ಸಹಾಯಕರ ಕೋರ್ಸುಗಳ ಜಾಹೀರಾತುಗಳು ಸಾಲುಗಟ್ಟುತ್ತವೆ. ಕೆಲವೇ ವಾರಗಳಲ್ಲಿ ಪ್ರಮಾಣಪತ್ರ, ಮನೆಯಲ್ಲೇ ಕುಳಿತು ಆನ್‌ಲೈನ್ ತರಗತಿ, ನೂರಕ್ಕೆ ನೂರು ಉದ್ಯೋಗ ಎಂಬ ಭರವಸೆಗಳು ಅವುಗಳಲ್ಲಿ ದಪ್ಪ ಅಕ್ಷರಗಳಲ್ಲಿರುತ್ತವೆ. ವಿದ್ಯಾರ್ಥಿ ಎಷ್ಟು ಗಂಟೆ ರೋಗಿಯ ಎದುರು ನಿಂತು, ಯಾರ ಮೇಲ್ವಿಚಾರಣೆಯಲ್ಲಿ, ಕೈಯಾರೆ ಕೆಲಸ ಕಲಿಯುತ್ತಾನೆ ಎಂಬ ವಿವರ ಮಾತ್ರ ಸಣ್ಣ ಅಕ್ಷರಗಳಲ್ಲೂ ಕಾಣಸಿಗುವುದಿಲ್ಲ. ನರ್ಸಾಗಿ ದುಡಿದು, ಆ ಬಳಿಕ ಇಂಥ ಸಹಾಯಕರಿಗೆ ಪ್ರಾಯೋಗಿಕ ಪಾಠ ಹೇಳಿಕೊಟ್ಟ ನನಗೆ ಜಾಹೀರಾತುಗಳಲ್ಲಿ ಬಿಟ್ಟುಹೋಗಿರುವ ಆ ವಿವರವೇ ಎಲ್ಲಕ್ಕಿಂತ ಮುಖ್ಯ ಎನ್ನಿಸುತ್ತದೆ. ಆದ್ದರಿಂದ, ಸ್ವಲ್ಪ ದೀರ್ಘವಾದರೂ, ಈ ಪತ್ರವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಮೊದಲು ಈ ಕೆಲಸವೇನೆಂದು ಹೇಳಿಬಿಡುತ್ತೇನೆ. ಹೊರರೋಗಿಗಳನ್ನು ನೋಡುವ ಕ್ಲಿನಿಕ್ಕಿನಲ್ಲಿ ರೋಗಿಯ ಹೆಸರು ಬರೆದುಕೊಳ್ಳುವುದರಿಂದ ಹಿಡಿದು ತೂಕ, ಜ್ವರ, ನಾಡಿ, ರಕ್ತದೊತ್ತಡ ನೋಡುವುದು, ಅವರು ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ ಮಾಡುವುದು, ವೈದ್ಯರ ತಪಾಸಣೆಗೆ ಬೇಕಾದ ಸಲಕರಣೆಗಳನ್ನು ಜೋಡಿಸುವುದು, ರಕ್ತದ ಮಾದರಿ ಮತ್ತು ಇ.ಸಿ.ಜಿ. ತೆಗೆಯುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಉಪಕರಣಗಳನ್ನು ಬಿಸಿ ಹಬೆಯಿಂದ ಕ್ರಿಮಿರಹಿತಗೊಳಿಸುವ ಆಟೊಕ್ಲೇವಿಗೆ ಹಾಕುವುದು, ಮುಂದಿನ ಭೇಟಿಯ ದಿನ ಗೊತ್ತುಮಾಡುವುದು, ವಿಮೆಯ ಕಾಗದಪತ್ರ ತುಂಬುವುದು, ಹೀಗೆ ಕಚೇರಿಯ ಕೆಲಸವೂ ರೋಗಿಯ ಕೆಲಸವೂ ಒಬ್ಬರೇ ವ್ಯಕ್ತಿಯ ಪಾಲಿಗೆ ಬರುತ್ತವೆ. ದೇಶದಿಂದ ದೇಶಕ್ಕೆ ಈ ಪಟ್ಟಿ ಒಂದಿಷ್ಟು ಹಿಗ್ಗುತ್ತದೆ, ಒಂದಿಷ್ಟು ಕುಗ್ಗುತ್ತದೆ. ಇಂಜೆಕ್ಷನ್ ಕೊಡಲು ಒಂದು ಕಡೆ ಅನುಮತಿಯಿದ್ದರೆ ಇನ್ನೊಂದು ಕಡೆ ಇಲ್ಲ. ಆದರೆ ಚಿಕಿತ್ಸೆಯನ್ನು ನಿರ್ಧರಿಸುವಾಗ ವೈದ್ಯರ ಮುಂದಿರುವ ಅಂಕಿಗಳಲ್ಲಿ ಬಹುಪಾಲು ಸಹಾಯಕರ ಕೈಯಿಂದ ಬಂದವು ಎಂಬುದು ಎಲ್ಲ ಕಡೆಗೂ ಸಲ್ಲುವ ಮಾತು. ಆ ಅಂಕಿ ತಪ್ಪಿದ್ದರೆ ವೈದ್ಯರ ಜಾಣತನ ಆ ತಪ್ಪಿನ ಮೇಲೆಯೇ ಕೆಲಸ ಮಾಡುತ್ತದೆ.

ರಕ್ತದೊತ್ತಡವನ್ನೇ ತೆಗೆದುಕೊಳ್ಳೋಣ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ನಿಧಾನವಾಗಿ ಬಿಡುತ್ತ, ಸ್ಟೆತೊಸ್ಕೋಪಿನಲ್ಲಿ ಸದ್ದು ಶುರುವಾಗುವ ಮತ್ತು ನಿಲ್ಲುವ ಘಟ್ಟಗಳನ್ನು ಗುರುತಿಸುವ ವಿಧಾನವನ್ನು ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕೊಫ್ 1905ರಲ್ಲಿ ವಿವರಿಸಿದರು. ನೂರು ವರ್ಷ ದಾಟಿದರೂ ಮೂಲ ವಿಧಾನ ಅದೇ ಉಳಿದಿದೆ, ಅದಕ್ಕೊಂದು ಶಿಸ್ತೂ ಇದೆ. ರೋಗಿ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಸುಮಾರು 5 ನಿಮಿಷ ಸುಮ್ಮನೆ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಜೋತುಬಿಟ್ಟರೆ ಅಂಕಿ ಏರುತ್ತದೆ. ಮಾತನಾಡುತ್ತಿದ್ದರೆ ಏರುತ್ತದೆ, ಮೂತ್ರ ತಡೆದುಕೊಂಡಿದ್ದರೂ ಏರುತ್ತದೆ. ಪಟ್ಟಿಯೊಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಸುಮಾರು 80 ಶೇಕಡಾ ಭಾಗವನ್ನು ಆವರಿಸಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡ ಇದ್ದಂತೆ ತೋರುತ್ತದೆ. ಗಾಳಿಯನ್ನು ಸೆಕೆಂಡಿಗೆ 2 ಮಿಲಿಮೀಟರಿನಂತೆ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ಮೊದಲ ಸದ್ದು ತಪ್ಪಿಹೋಗುತ್ತದೆ. ಇವಿಷ್ಟನ್ನೂ ಬರೆದು ತೋರಿಸಿ ಎಂದರೆ ನನ್ನ ವಿದ್ಯಾರ್ಥಿಗಳೆಲ್ಲ ಬರೆಯುತ್ತಿದ್ದರು. ಮಾಡಿ ತೋರಿಸಿ ಎಂದಾಗ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತುವವರು, ಸುತ್ತುತ್ತಲೇ ರೋಗಿಯನ್ನು ಮಾತಿಗೆಳೆಯುವವರು, ಸ್ಟೆತೊಸ್ಕೋಪನ್ನು ಪಟ್ಟಿಯ ಕೆಳಗೆ ತುರುಕುವವರು ಆಗತಾನೆ ಪೂರ್ಣ ಅಂಕ ಪಡೆದು ಬಂದವರಲ್ಲೇ ಇರುತ್ತಿದ್ದರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅಳೆಯದೆ ಬರೆಯುವುದು. ಮುಳ್ಳಿನ ಬಿ.ಪಿ. ಯಂತ್ರದ ಮುಖದ ಮೇಲೆ 2 ಮಿಲಿಮೀಟರಿಗೊಂದು ಗೆರೆಯಿರುತ್ತದೆ. ಹಾಗಾಗಿ ನಿಜವಾಗಿ ನೋಡಿ ಬರೆದ ಪುಸ್ತಕದಲ್ಲಿ 0, 2, 4, 6, 8 ಈ ಐದೂ ಅಂಕೆಗಳಲ್ಲಿ ಕೊನೆಗೊಳ್ಳುವ ಅಳತೆಗಳು ಹೆಚ್ಚುಕಡಿಮೆ ಸಮವಾಗಿ ಹಂಚಿಕೊಂಡಿರಬೇಕು, ಅಂದರೆ ಪ್ರತಿಯೊಂದೂ ಸುಮಾರು ಐದನೇ ಒಂದು ಪಾಲು. ಯಾವುದೇ ಕ್ಲಿನಿಕ್ಕಿನ ಹಳೆಯ ರಿಜಿಸ್ಟರನ್ನು ತೆರೆದು ನೋಡಿದರೆ ಪುಟದ ತುಂಬ 120, 130, 80, 90 ಎಂದು ಸೊನ್ನೆಯಲ್ಲೇ ನಿಲ್ಲುವ ಅಂಕಿಗಳಿದ್ದಲ್ಲಿ ಅಲ್ಲಿ ಕಿವಿ ಕೇಳಿದ್ದಕ್ಕಿಂತ ಕೈ ಬರೆದದ್ದು ಹೆಚ್ಚು ಎಂದು ತಿಳಿಯಬಹುದು. ಉಸಿರಾಟದ ಎಣಿಕೆಯ ಅಂಕಣವಂತೂ ಇನ್ನೂ ದಯನೀಯ. ಜ್ವರದಿಂದ ನಡುಗುವವರಿಗೂ 18, ಕಾಲುಬೆರಳಿನ ಉಗುರು ತೋರಿಸಲು ಬಂದವರಿಗೂ 18, ಮಧ್ಯೆ ಬೇಸರವಾದಾಗ ಒಂದು 20. ಉಸಿರಾಟವನ್ನು ಗಡಿಯಾರ ನೋಡುತ್ತ ಪೂರ್ತಿ 1 ನಿಮಿಷ ಎಣಿಸಬೇಕು. ಎಣಿಸುತ್ತಿರುವುದು ರೋಗಿಗೆ ಗೊತ್ತಾದರೆ ಅವರ ಉಸಿರಿನ ಲಯವೇ ಬದಲಾಗುವುದರಿಂದ, ನಾಡಿ ಹಿಡಿದ ಕೈಯನ್ನು ಬಿಡದೆ, ನಾಡಿಯನ್ನೇ ನೋಡುತ್ತಿರುವಂತೆ ಇದ್ದುಕೊಂಡು ಎದೆಯ ಏರಿಳಿತವನ್ನು ಲೆಕ್ಕ ಮಾಡಬೇಕು. ಶ್ವಾಸಕೋಶದ ಸೋಂಕು ಅಥವಾ ರಕ್ತದ ಸೋಂಕು ಉಲ್ಬಣಿಸುವಾಗ ಬಹಳ ಸಲ ಎಲ್ಲಕ್ಕಿಂತ ಮೊದಲು ಏರುವ ಅಂಕಿ ಇದೇ. ಬೇರೆ ಯಾವ ಯಂತ್ರವನ್ನೂ ಬೇಡದ, ಕೇವಲ 1 ನಿಮಿಷದ ತಾಳ್ಮೆಯನ್ನು ಬೇಡುವ ಈ ಅಳತೆಯನ್ನು ನಾವು ಕಲಿಸುತ್ತಿರುವ ರೀತಿ ನೋಡಿದರೆ ಸಿಟ್ಟು ಬರುತ್ತದೆ.

ವಿದ್ಯಾರ್ಥಿಗಳು ಸುಳ್ಳರಾದ್ದರಿಂದ ಹೀಗಾಗುತ್ತದೆ ಎಂದು ನಾನು ನಂಬುವುದಿಲ್ಲ. ಸದ್ದು ಸರಿಯಾಗಿ ಕೇಳಿಸಲಿಲ್ಲ ಎಂದು ಒಪ್ಪಿಕೊಂಡರೆ ಬೈಗುಳ ಸಿಗುವ ಜಾಗದಲ್ಲಿ, ಕೇಳಿಸಿತು ಎಂದು ಬರೆಯುವುದನ್ನು ಅವರು ಮೊದಲ ವಾರದಲ್ಲೇ ಕಲಿಯುತ್ತಾರೆ. ಕೇಳಿಸದಿದ್ದರೆ ಪಟ್ಟಿಯ ಗಾಳಿಯನ್ನು ಪೂರ್ತಿ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡಿ. ಆಗಲೂ ಆಗದಿದ್ದರೆ ಅಂಕಣವನ್ನು ಖಾಲಿ ಬಿಟ್ಟು ಹಿರಿಯರನ್ನು ಕರೆಯಿರಿ ಎಂದು ಹೇಳುವ ಬೋಧಕರು ಪಕ್ಕದಲ್ಲಿ ನಿಂತಿರಬೇಕು. ಖಾಲಿ ಅಂಕಣದಿಂದ ವೈದ್ಯರಿಗೆ ಒಂದು ಸಂಗತಿಯಾದರೂ ತಿಳಿಯುತ್ತದೆ. ಈ ಪಾಠ ವೀಡಿಯೊದಲ್ಲಿ ಸಿಗುವಂಥದ್ದಲ್ಲ.

ರಕ್ತದ ಮಾದರಿ ತೆಗೆಯುವ ಪಾಠಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೊರಗಿನವರಿಗೆ ಸೂಜಿ ರಕ್ತನಾಳಕ್ಕೆ ಹೊಕ್ಕರೆ ಕೆಲಸ ಮುಗಿದಂತೆ ಕಾಣುತ್ತದೆ. ತೊಡಕು ಶುರುವಾಗುವುದು ಅದಕ್ಕಿಂತ ಮೊದಲೇ. ಎದುರಿಗೆ ಕುಳಿತವರನ್ನು ‘ನೀವು ಇಂಥವರೇ ಅಲ್ಲವೇ’ ಎಂದು ಕೇಳಿದರೆ, ಗಾಬರಿಯಲ್ಲಿರುವವರೂ ಕಿವಿ ಮಂದವಾದವರೂ ಹೌದೆಂದು ತಲೆಯಾಡಿಸುತ್ತಾರೆ. ನಿಮ್ಮ ಪೂರ್ತಿ ಹೆಸರೇನು, ಹುಟ್ಟಿದ ದಿನ ಯಾವುದು ಎಂದು ಅವರ ಬಾಯಿಂದಲೇ ಹೇಳಿಸಿ, ಚೀಟಿಯೊಂದಿಗೆ ತಾಳೆ ನೋಡಬೇಕು. ತೋಳಿಗೆ ಬಿಗಿದ ಪಟ್ಟಿಯನ್ನು 1 ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡಬಾರದು. ಹಲವು ಟ್ಯೂಬುಗಳಿಗೆ ರಕ್ತ ಬೇಕಾದಾಗ ಅವುಗಳನ್ನು ತುಂಬುವುದಕ್ಕೊಂದು ಕ್ರಮವಿದೆ: ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಸಿಟ್ರೇಟ್ ಟ್ಯೂಬು ಮುಂಚೆ, ಆಮೇಲೆ ಸೀರಮ್ಮಿನದು (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ), ಆಮೇಲೆ ಹೆಪಾರಿನ್, ಅದಾದ ಮೇಲೆ ಇ.ಡಿ.ಟಿ.ಎ. (ಇವೆರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕಗಳು), ಸಕ್ಕರೆ ಪರೀಕ್ಷೆಯ ಫ್ಲೋರೈಡ್ ಟ್ಯೂಬು ಕೊನೆಗೆ. ಇದು ಬಾಯಿಪಾಠಕ್ಕೆಂದು ಯಾರೋ ಕಟ್ಟಿದ ಪಟ್ಟಿಯಲ್ಲ. ಇ.ಡಿ.ಟಿ.ಎ. ಟ್ಯೂಬಿನಲ್ಲಿ ಪೊಟ್ಯಾಸಿಯಂ ಲವಣವಿರುತ್ತದೆ. ಅದರ ಒಂದು ಹನಿ ಮುಂದಿನ ಟ್ಯೂಬಿಗೆ ಸೇರಿದರೂ ರೋಗಿಯ ಪೊಟ್ಯಾಸಿಯಂ ಅಪಾಯಕಾರಿಯಾಗಿ ಏರಿದಂತೆಯೂ ಕ್ಯಾಲ್ಸಿಯಂ ಕುಸಿದಂತೆಯೂ ವರದಿ ಬರುತ್ತದೆ. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸುವ ಬದಲು ಜೋರಾಗಿ ಅಲುಗಾಡಿಸಿದರೆ ಕೆಂಪು ರಕ್ತಕಣಗಳು ಒಡೆದು ಅದೇ ಪೊಟ್ಯಾಸಿಯಂ ಮತ್ತೆ ಏರುತ್ತದೆ. ಕಾರಣ ತಿಳಿದವರು ಅವಸರದಲ್ಲೂ ಕ್ರಮ ಬಿಡುವುದಿಲ್ಲ. ಟ್ಯೂಬಿನ ಮುಚ್ಚಳಗಳ ಬಣ್ಣದ ಪಟ್ಟಿಯನ್ನಷ್ಟೇ ಉರುಹೊಡೆದವರು ಹೊರಗೆ ಸಾಲು ಬೆಳೆದ ದಿನ ಮರೆಯುತ್ತಾರೆ. ಇನ್ನು ಹೆಸರಿನ ಲೇಬಲ್ಲನ್ನು ರಕ್ತ ತೆಗೆದ ಮೇಲೆ, ರೋಗಿ ಎದ್ದುಹೋಗುವ ಮೊದಲು, ಅವರ ಎದುರಿಗೇ ಅಂಟಿಸಬೇಕು. ಮೊದಲೇ ಅಂಟಿಸಿ ಸಾಲಾಗಿ ಜೋಡಿಸಿಟ್ಟ ಟ್ಯೂಬುಗಳು ಅಚ್ಚುಕಟ್ಟಾಗಿ ಕಾಣುತ್ತವೆ, ನಿಜ. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಸೇರುವುದು ಆ ಸಾಲಿನಲ್ಲೇ.

ಇ.ಸಿ.ಜಿ.ಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಲಗೈ ಎಡಗೈಗಳ ತಂತಿ ಅದಲುಬದಲಾದರೆ ಕಾಗದದ ಮೇಲೆ ಬೇರೆಯದೇ ಹೃದಯದ ಚಿತ್ರ ಮೂಡುತ್ತದೆ. ಎದೆಯ ಮೊದಲ ಎರಡು ಎಲೆಕ್ಟ್ರೋಡುಗಳನ್ನು ನಾಲ್ಕನೇ ಪಕ್ಕೆಲುಬು ಸಂದಿಯಲ್ಲಿ ಇಡುವ ಬದಲು ಕಣ್ಣಂದಾಜಿನಲ್ಲಿ ಮೇಲಕ್ಕೆ ಅಂಟಿಸಿದರೂ ಹಾಗೆಯೇ. ಬೆರಳಿನಿಂದ ಪಕ್ಕೆಲುಬು ತಡವಿ ಎಣಿಸುವುದನ್ನು ಯಾರಾದರೂ ಕೈ ಹಿಡಿದು ಕಲಿಸಲೇಬೇಕು.

ಬರವಣಿಗೆಯ ಕೆಲಸವನ್ನು ಕೋರ್ಸುಗಳು ಹಗುರವಾಗಿ ಕಾಣುತ್ತವೆ. ಔಷಧಿಯ ಪಟ್ಟಿಯನ್ನು ಒಂದು ಚೀಟಿಯಿಂದ ಇನ್ನೊಂದು ಕಡತಕ್ಕೆ ಇಳಿಸುವವರು ಸಾಮಾನ್ಯವಾಗಿ ಸಹಾಯಕರೇ. 5.0 ಎಂದು ಬರೆದದ್ದು ಚುಕ್ಕೆ ಮಸುಕಾದಾಗ 50 ಆಗುತ್ತದೆ. ಚುಕ್ಕೆಯ ಎಡಕ್ಕೆ ಸೊನ್ನೆ ಹಾಕದೆ .5 ಎಂದರೆ ಅದು 5 ಆಗಿ ಓದಿಸಿಕೊಳ್ಳುತ್ತದೆ. ಪೂರ್ಣಾಂಕದ ಬಲಕ್ಕೆ ಚುಕ್ಕೆ ಸೊನ್ನೆ ಹಾಕಬಾರದು, ಒಂದಕ್ಕಿಂತ ಕಡಿಮೆಯಿರುವ ಅಂಕಿಗೆ 0.5 ಎಂದು ಸೊನ್ನೆ ಹಾಕದೆ ಬಿಡಬಾರದು ಎಂಬ ನಿಯಮ ಹುಟ್ಟಿದ್ದು ಹತ್ತು ಪಟ್ಟು ಔಷಧಿ ಒಳಹೋದ ಪ್ರಕರಣಗಳಿಂದ. ಇನ್ಸುಲಿನ್ನಿನ ಯೂನಿಟ್ಟನ್ನು ಅದರ ಇಂಗ್ಲಿಷ್ ಮೊದಲಕ್ಷರದಿಂದ ಸೂಚಿಸಿದಾಗ ಆ ಅಕ್ಷರ ಸೊನ್ನೆಯಂತೆ ಕಂಡು 4 ಯೂನಿಟ್ 40 ಆದದ್ದೂ ಇದೆ. ಮಿಲಿಗ್ರಾಂ, ಮೈಕ್ರೋಗ್ರಾಂಗಳ ನಡುವಿನ ಅಂತರ ಸಾವಿರ ಪಟ್ಟು. ಪಠ್ಯಕ್ರಮದಲ್ಲಿ ‘ದಾಖಲೆ ನಿರ್ವಹಣೆ’ ಎಂಬ ಒಂದು ಸಾಲಿನ ಹಿಂದೆ ಇಷ್ಟೆಲ್ಲ ಇದೆ. ಆ ಸಾಲಿಗೆ ಸಿಗುವುದು ಬಹುತೇಕ ಕಡೆ ಒಂದು ಮಧ್ಯಾಹ್ನ.

ಸಹಾಯಕರ ಸ್ವಂತ ಸುರಕ್ಷತೆಯೂ ತರಬೇತಿಯ ಭಾಗ ಎಂಬುದನ್ನು ಸಂಸ್ಥೆಗಳು ಮರೆತಂತಿದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಕೈಗೆಟಕುವಲ್ಲಿರುವ ಗಟ್ಟಿ ಡಬ್ಬಿಗೆ ಅದನ್ನು ನೇರವಾಗಿ ಹಾಕಬೇಕು ಎಂದು ಎಲ್ಲರೂ ಹೇಳುತ್ತಾರೆ. ಚುಚ್ಚಿಕೊಂಡಾಗ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಗಾಯವನ್ನು ಹಿಂಡಬಾರದು, ಸೋಪು ನೀರಿನಿಂದ ತೊಳೆದು ತಕ್ಷಣ ವರದಿ ಮಾಡಬೇಕು. ಎಚ್.ಐ.ವಿ. ತಡೆಯುವ ಔಷಧಿಯನ್ನು ಆದಷ್ಟು ಬೇಗ, ಏನೇ ಆದರೂ 72 ಗಂಟೆಯೊಳಗೆ, ಶುರುಮಾಡಬೇಕಾಗಬಹುದು. ಸೋಂಕಿತ ರಕ್ತದ ಸೂಜಿ ಚುಚ್ಚಿದಾಗ ಎಚ್.ಐ.ವಿ. ತಗಲುವ ಸಂಭವ ಸುಮಾರು 0.3 ಶೇಕಡಾ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೆಪಟೈಟಿಸ್ ಬಿ ಲಸಿಕೆ ಸಾಮಾನ್ಯವಾಗಿ 0, 1 ಮತ್ತು 6 ತಿಂಗಳಿಗೆ ಮೂರು ಡೋಸುಗಳಾಗಿ ಸಿಗುತ್ತದೆ. ಮೂರು ತಿಂಗಳ ಕೋರ್ಸಿನಲ್ಲಿ ಮೂರನೇ ಡೋಸಿನ ದಿನ ಬರುವುದೇ ಇಲ್ಲ ಎಂಬ ಸರಳ ಲೆಕ್ಕವನ್ನು ಪ್ರವೇಶ ನೀಡುವಾಗಲೇ ಸಂಸ್ಥೆಯವರು ಹಾಕಬೇಕು. ಲಸಿಕೆಯ ದಾಖಲೆ ನೋಡದೆ ಹುಡುಗಿಯರನ್ನೂ ಹುಡುಗರನ್ನೂ ರಕ್ತ ತೆಗೆಯಲು ಕಳುಹಿಸುವುದು ನನ್ನ ದೃಷ್ಟಿಯಲ್ಲಿ ಅಪರಾಧಕ್ಕೆ ಸಮ.

ಇನ್ನು ಈ ವೃತ್ತಿಯ ಎಲ್ಲೆಯ ವಿಷಯ. ರೋಗ ಯಾವುದೆಂದು ಹೇಳುವುದು, ಔಷಧಿ ಬದಲಿಸುವುದು, ಪರೀಕ್ಷಾ ವರದಿಯ ಅರ್ಥ ಬಿಡಿಸುವುದು ಸಹಾಯಕರ ಕೆಲಸವಲ್ಲ ಎಂದು ಪುಸ್ತಕ ಹೇಳುತ್ತದೆ. ಕ್ಲಿನಿಕ್ಕಿನಲ್ಲಿ ಈ ಎಲ್ಲೆ ಅಷ್ಟು ಸ್ಪಷ್ಟವಾಗಿ ಗೆರೆ ಎಳೆದಂತಿರುವುದಿಲ್ಲ. ವರದಿ ಕೈಯಲ್ಲಿ ಹಿಡಿದ ವೃದ್ಧರೊಬ್ಬರು, ವೈದ್ಯರ ಕೊಠಡಿಯ ಮುಂದೆ ಇನ್ನೂ ಇಪ್ಪತ್ತು ಮಂದಿ ಇರುವುದನ್ನು ಕಂಡು, ‘ಏನೂ ತೊಂದರೆಯಿಲ್ಲ ತಾನೇ, ಅಷ್ಟು ಹೇಳಮ್ಮ’ ಎಂದು ಕೇಳುತ್ತಾರೆ. ಆಗ ಒರಟಾಗದೆ, ಸುಳ್ಳು ಸಮಾಧಾನವನ್ನೂ ಹೇಳದೆ ಉತ್ತರಿಸುವುದು ಹೇಗೆ? ಫೋನಿನಲ್ಲಿ ಒಬ್ಬರು ಎದೆ ಬಿಗಿಯುತ್ತಿದೆ, ಎಡಗೈ ಸೆಳೆಯುತ್ತಿದೆ ಎಂದಾಗ ನಾಳೆಯ ಸಮಯ ಕೊಡುವ ಬದಲು ತಕ್ಷಣ ವೈದ್ಯರಿಗೆ ಒಪ್ಪಿಸಬೇಕು, ತುರ್ತು ವಾಹನ ಕರೆಸಲು ಹೇಳಬೇಕು ಎಂಬುದು ಯಾರಿಗೆ ಹೊಳೆಯುತ್ತದೆ? ಮಾತು ತೊದಲುವುದು, ಮುಖದ ಒಂದು ಕಡೆ ಜೋಲುವುದು, ಒಂದು ಕೈ ಎತ್ತಲಾಗದಿರುವುದು ಕೇಳಿಬಂದರೆ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ತಾನು ನಿರ್ಧರಿಸಬಾರದು ಎಂಬುದರ ಜೊತೆಗೆ, ಯಾವುದನ್ನು ಒಂದು ಕ್ಷಣವೂ ತನ್ನಲ್ಲೇ ಇಟ್ಟುಕೊಳ್ಳಬಾರದು ಎಂಬುದೂ ಎಲ್ಲೆಯ ಪಾಠದ ಇನ್ನೊಂದು ಮುಖ. ಕಾಯುವ ಕೊಠಡಿಯಲ್ಲಿ ರೋಗಿಯ ಹೆಸರಿನ ಜೊತೆಗೆ ರೋಗದ ಹೆಸರನ್ನೂ ಕೂಗಿ ಹೇಳುವ ಕೆಟ್ಟ ಅಭ್ಯಾಸ ಕೂಡ ತರಬೇತಿಯಲ್ಲೇ ಬಿಡಿಸಬೇಕಾದದ್ದು.

ಹಾಗಾದರೆ ಎಷ್ಟು ತರಬೇತಿ ಬೇಕು? ಇದಕ್ಕೆ ಜಗತ್ತು ಒಂದೇ ಉತ್ತರ ಕೊಟ್ಟಿಲ್ಲ. ಜರ್ಮನಿಯಲ್ಲಿ ವೈದ್ಯರ ಕ್ಲಿನಿಕ್ಕಿನ ಸಹಾಯಕರ ತರಬೇತಿ 3 ವರ್ಷದ್ದು. ವಿದ್ಯಾರ್ಥಿ ವೃತ್ತಿಶಾಲೆಯಲ್ಲಿ ಕೆಲವು ದಿನ, ಕ್ಲಿನಿಕ್ಕಿನಲ್ಲಿ ಉಳಿದ ದಿನ ಎಂದು ಎರಡೂ ಕಡೆ ಕಲಿಯುತ್ತಾರೆ, ಅವರಿಗೆ ಒಪ್ಪಂದದಂತೆ ತಿಂಗಳ ಭತ್ಯೆಯೂ ಇರುತ್ತದೆ. ಅಮೆರಿಕದಲ್ಲಿ ಕೋರ್ಸುಗಳು ಬಹಳ ಚಿಕ್ಕವು, ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನ ಪ್ರಮಾಣಪತ್ರ ಅಥವಾ ಎರಡು ವರ್ಷದ ಪದವಿ. ಆದರೆ ಅಲ್ಲಿನ ಪ್ರಮುಖ ಮಾನ್ಯತಾ ವ್ಯವಸ್ಥೆ ಕನಿಷ್ಠ 160 ಗಂಟೆಗಳ ಮೇಲ್ವಿಚಾರಣೆಯ ಕ್ಲಿನಿಕ್ ಅಭ್ಯಾಸವನ್ನು ಕೇಳುತ್ತದೆ. ಭಾರತದ 2021ರ ಸಹಾಯಕ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಸಹಾಯಕ ಆರೋಗ್ಯ ವೃತ್ತಿಪರರಿಗೆ 2 ರಿಂದ 4 ವರ್ಷಗಳಲ್ಲಿ ಹರಡಿಕೊಂಡ ಕನಿಷ್ಠ 2000 ಗಂಟೆಗಳ ಓದನ್ನು ನಿಗದಿಮಾಡಿದೆ. 160 ಮತ್ತು 2000 ಒಂದೇ ಬಗೆಯ ಲೆಕ್ಕಗಳಲ್ಲ. ಮೊದಲನೆಯದು ಕ್ಲಿನಿಕ್ಕಿನ ಅಭ್ಯಾಸದ್ದು, ಎರಡನೆಯದು ಇಡೀ ಓದಿನದು. ಆದರೂ ಲೆಕ್ಕ ನಡೆಯುತ್ತಿರುವುದು ಗಂಟೆಗಳಲ್ಲಿ ಎಂಬುದನ್ನು ಗಮನಿಸಬೇಕು. ಯಾವ ಗಂಭೀರ ವ್ಯವಸ್ಥೆಯೂ ‘ಇಷ್ಟು ವೀಡಿಯೊ ನೋಡಿದರೆ ಸಾಕು’ ಎಂದು ಹೇಳಿಲ್ಲ.

ಗಂಟೆಗಳನ್ನು ಕಾಗದದ ಮೇಲೆ ತುಂಬಿಸುವುದು ಕಷ್ಟವೇನಲ್ಲ ಎಂಬುದೂ ನನಗೆ ಗೊತ್ತು. ವಿದ್ಯಾರ್ಥಿ ಮಾಡಿದ ಪ್ರತಿಯೊಂದು ಕೆಲಸವನ್ನೂ ಬರೆದು ಮೇಲ್ವಿಚಾರಕರಿಂದ ಸಹಿ ಪಡೆಯಬೇಕಾದ ಲಾಗ್‌ಬುಕ್ ಎಂಬುದೊಂದಿದೆ. ನನ್ನ ಮುಂದೆ ಬಂದ ಕೆಲವು ಲಾಗ್‌ಬುಕ್ಕುಗಳಲ್ಲಿ ತಿಂಗಳುಗಟ್ಟಲೆಯ ಸಹಿಗಳು ಒಂದೇ ಪೆನ್ನಿನ, ಒಂದೇ ಓರೆಯ, ಒಂದೇ ಕೂತಿನ ಸಹಿಗಳಾಗಿದ್ದವು. ಒಂದರಲ್ಲಂತೂ ಕ್ಲಿನಿಕ್ಕಿಗೆ ಬಾಗಿಲು ಹಾಕಿದ್ದ ರಜಾದಿನದಲ್ಲೂ ರಕ್ತ ತೆಗೆದ ದಾಖಲೆಯಿತ್ತು. ಇನ್ನು ಕೆಲವು ಕಡೆ ಗಂಟೆಗಳು ನಿಜವಾಗಿಯೂ ಕಳೆದಿರುತ್ತವೆ, ಕಲಿಕೆ ನಡೆದಿರುವುದಿಲ್ಲ. ಕಡತ ಹೊರುವುದು, ನೆಲ ಒರೆಸುವುದು, ವೈದ್ಯರಿಗೆ ಚಹಾ ತರುವುದು, ಇದೇ ‘ಕ್ಲಿನಿಕಲ್ ಪೋಸ್ಟಿಂಗ್’ ಆಗಿಬಿಡುತ್ತದೆ. ಯಾವ ಕೆಲಸವೂ ಕೀಳಲ್ಲ ಎಂಬ ನೀತಿಯನ್ನು ಹೇಳಿ ಇದನ್ನು ಸಮರ್ಥಿಸುವವರಿದ್ದಾರೆ. ಶುಲ್ಕ ಕಟ್ಟಿ ಬಂದವರಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವುದಕ್ಕೆ ಆ ನೀತಿ ಹೊದಿಕೆಯಾಗಬಾರದು.

ಇದಕ್ಕೆ ಪರಿಹಾರ ಪರೀಕ್ಷೆಯ ಸ್ವರೂಪದಲ್ಲಿದೆ ಎಂದು ನನ್ನ ನಂಬಿಕೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಒಂದು ಪ್ರಾಯೋಗಿಕ ಪರೀಕ್ಷಾ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಹಲವು ಮೇಜುಗಳಿರುತ್ತವೆ. ವಿದ್ಯಾರ್ಥಿಗಳು ಗಂಟೆ ಬಾರಿಸಿದಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತ, ಪ್ರತಿಯೊಂದರಲ್ಲೂ ಒಂದು ನಿರ್ದಿಷ್ಟ ಕೆಲಸ ಮಾಡಿ ತೋರಿಸುತ್ತಾರೆ. ಪರೀಕ್ಷಕರು ಎಲ್ಲರಿಗೂ ಒಂದೇ ಆದ ಅಂಶಪಟ್ಟಿಯನ್ನು ನೋಡುತ್ತ ಅಂಕ ಕೊಡುತ್ತಾರೆ. ಈಗ ಅದು ವೈದ್ಯ ಮತ್ತು ನರ್ಸಿಂಗ್ ಶಿಕ್ಷಣದಲ್ಲಿ ಎಲ್ಲೆಡೆ ಹರಡಿದೆ. ಸಹಾಯಕರ ಕೋರ್ಸಿಗೆ ಇದಕ್ಕಿಂತ ಹೇಳಿಮಾಡಿಸಿದ ಪರೀಕ್ಷೆ ಇನ್ನೊಂದಿಲ್ಲ, ಏಕೆಂದರೆ ಅವರ ಕೆಲಸವೆಲ್ಲ ಹೀಗೆ ಮಾಡಿ ತೋರಿಸಬಹುದಾದ ತುಣುಕುಗಳದ್ದೇ. ಒಂದು ಮೇಜಿನಲ್ಲಿ ಕೈ ತೊಳೆದು ಕೈಗವಸು ಹಾಕಿಕೊಳ್ಳುವುದು, ಇನ್ನೊಂದರಲ್ಲಿ ಬಿ.ಪಿ. ನೋಡುವುದು, ಮತ್ತೊಂದರಲ್ಲಿ ಕೃತಕ ತೋಳಿನಿಂದ ರಕ್ತ ತೆಗೆದು ಲೇಬಲ್ ಅಂಟಿಸುವುದು, ಮುಂದಿನದರಲ್ಲಿ ಸಿಟ್ಟಿಗೆದ್ದ ರೋಗಿಯ ಪಾತ್ರ ಮಾಡುವವರೊಡನೆ ಮಾತನಾಡುವುದು. ಹೃದಯ ನಿಂತವರ ಎದೆ ಒತ್ತುವ ಅಭ್ಯಾಸಕ್ಕೆ ಬೊಂಬೆಯ ಮೇಜೊಂದಿರಲಿ. ನಿಮಿಷಕ್ಕೆ 100 ರಿಂದ 120 ಸಲ, 5 ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವಾಗ ಎರಡೇ ನಿಮಿಷದಲ್ಲಿ ಬೆವರಿಳಿಯುತ್ತದೆ, ಅದು ಬಹು ಆಯ್ಕೆಯ ಪ್ರಶ್ನೆಗೆ ಟಿಕ್ ಹಾಕಿದಂತಲ್ಲ. ಪರೀಕ್ಷಕರು ಕಲಿಸಿದ ಸಂಸ್ಥೆಯವರಾಗಿರಬಾರದು. ಇಷ್ಟು ಮಾಡಿದರೆ ಲಾಗ್‌ಬುಕ್ಕಿನ ಸುಳ್ಳು ಸಹಿಗೆ ಬೆಲೆಯೇ ಉಳಿಯುವುದಿಲ್ಲ.

ಎರಡು ಆಕ್ಷೇಪಗಳು ಬರುತ್ತವೆ. ಒಂದು, ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರಗಳು ಬಂದಿರುವಾಗ ಇಷ್ಟೆಲ್ಲ ಕೈಚಳಕವೇಕೆ ಎಂಬುದು. ಪಾದರಸದ ಉಪಕರಣಗಳು, ಪಾದರಸದ ಬಳಕೆಯನ್ನು ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದ ಪರಿಣಾಮವಾಗಿ, ಹಿಂದೆ ಸರಿಯುತ್ತಿವೆ, ಡಿಜಿಟಲ್ ಯಂತ್ರಗಳು ಬರುತ್ತಿವೆ, ಅದು ಒಳ್ಳೆಯದೇ. ಆದರೆ ಪಟ್ಟಿಯ ಅಳತೆ ಆರಿಸುವುದು, ತೋಳನ್ನು ಸರಿಯಾಗಿ ಇಡುವುದು, ರೋಗಿಯನ್ನು 5 ನಿಮಿಷ ಕೂರಿಸುವುದು ಯಂತ್ರದ ಕೆಲಸವಲ್ಲ. ನಾಡಿ ಅಡ್ಡಾದಿಡ್ಡಿಯಾಗಿ ಬಡಿಯುವವರಲ್ಲಿ ಯಂತ್ರದ ಅಂಕಿ ಸಲಸಲಕ್ಕೂ ಬೇರೆಯಾಗುತ್ತದೆ. ಅದನ್ನು ಅನುಮಾನಿಸಬೇಕಾದರೆ ನಾಡಿಯ ಮೇಲೆ ಬೆರಳಿಟ್ಟು ಗೊತ್ತಿರಬೇಕು. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರವೂ ಉಗುರುಬಣ್ಣ, ತಣ್ಣನೆಯ ಬೆರಳು, ಕಪ್ಪು ಚರ್ಮ ಇವುಗಳ ಮುಂದೆ ದಾರಿ ತಪ್ಪಬಹುದು. ಕಪ್ಪು ಚರ್ಮದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ಆಮ್ಲಜನಕವನ್ನು ತೋರಿಸಿಬಿಡುತ್ತದೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಈ ಕೋರ್ಸಿಗೆ ಬರುವವರಲ್ಲಿ ಬೇಗ ದುಡಿಯಬೇಕಾದ ಮನೆಗಳ ಮಕ್ಕಳೇ ಹೆಚ್ಚು. ಗಂಟೆಗಳನ್ನು ಹೆಚ್ಚಿಸಿದಷ್ಟೂ ಬಾಗಿಲು ಅವರಿಗೆ ಕಿರಿದಾಗುತ್ತದೆ. ಇದು ನಿಜ, ಇದನ್ನು ಹಾರಿಸಿ ಮಾತನಾಡುವುದು ಸುಲಭದ ಆದರ್ಶವಾದ. ಹಾಗೆಂದು ತರಬೇತಿಯನ್ನೇ ಕತ್ತರಿಸಿದರೆ ಅವರಿಗೆ ಸಿಗುವುದು ಯಾರೂ ನಂಬದ ಪ್ರಮಾಣಪತ್ರ ಮತ್ತು ಮೇಲೇರಲು ಮೆಟ್ಟಿಲಿಲ್ಲದ ಕೆಲಸ. ಮೊದಲ ಹಂತವನ್ನು ಚಿಕ್ಕದಾಗಿಯೇ ಇಟ್ಟು, ಅಷ್ಟಕ್ಕೆ ತಕ್ಕ ಕೆಲಸಗಳನ್ನು ಮಾತ್ರ ಒಪ್ಪಿಸಿ, ರಕ್ತ ತೆಗೆಯುವುದು, ಇ.ಸಿ.ಜಿ. ತೆಗೆಯುವುದು ಮುಂತಾದವನ್ನು ಕೆಲಸ ಮಾಡುತ್ತಲೇ ಮುಂದಿನ ಹಂತಗಳಲ್ಲಿ ಕಲಿಸುವ ವ್ಯವಸ್ಥೆ ಸಾಧ್ಯವಿದೆ. ಹಾಗೆ ಕಳೆದ ಗಂಟೆಗಳು ನರ್ಸಿಂಗ್ ಅಥವಾ ಪ್ರಯೋಗಾಲಯ ತಂತ್ರಜ್ಞಾನದ ಓದಿಗೆ ಸೇರಿದಾಗ ಲೆಕ್ಕಕ್ಕೆ ಬರುವಂತಿರಬೇಕು. ಕಲಿಯುವಾಗಲೇ ಭತ್ಯೆ ಕೊಡುವ ಜರ್ಮನಿಯ ಪದ್ಧತಿ ನನಗೆ ಅದರ 3 ವರ್ಷಗಳಿಗಿಂತ ಹೆಚ್ಚು ಅನುಕರಣೀಯವಾಗಿ ಕಾಣುವುದು ಇದೇ ಕಾರಣಕ್ಕೆ. ಕ್ಲಿನಿಕ್ಕಿನವರು ಅವರಿಂದ ಕೆಲಸ ಪಡೆಯುತ್ತಾರೆ ತಾನೇ, ಒಂದಿಷ್ಟು ಕೊಡಲಿ.

ಕೊನೆಯದಾಗಿ ಎರಡು ಕೋರಿಕೆಗಳಿವೆ. ಒಂದು ತಮ್ಮಂಥ ಪತ್ರಿಕೆಗಳಿಗೆ. ಈ ಕೋರ್ಸುಗಳ ಜಾಹೀರಾತು ಸ್ವೀಕರಿಸುವಾಗ ಮೇಲ್ವಿಚಾರಣೆಯ ಕ್ಲಿನಿಕ್ ಅಭ್ಯಾಸದ ಗಂಟೆಗಳೆಷ್ಟು, ಅದು ಎಲ್ಲಿ ನಡೆಯುತ್ತದೆ, ಮಾನ್ಯತೆ ನೀಡಿದ ಸಂಸ್ಥೆ ಯಾವುದು ಎಂಬ ಮೂರು ವಿವರಗಳನ್ನು ಮುದ್ರಿಸುವುದು ಕಡ್ಡಾಯವೆಂದು ಮಾಡಿದರೆ ಓದುಗರಿಗೆ ಬಹಳ ಉಪಕಾರವಾಗುತ್ತದೆ. ಇನ್ನೊಂದು ಸೇರಬಯಸುವವರಿಗೆ ಮತ್ತು ಅವರ ಹೆತ್ತವರಿಗೆ. ಕಟ್ಟಡ, ಸಮವಸ್ತ್ರ, ಗೋಡೆಯ ಮೇಲಿನ ಫೋಟೊಗಳನ್ನು ನೋಡಿದ್ದು ಸಾಕು. ಅಭ್ಯಾಸಕ್ಕೆ ಕಳುಹಿಸುವ ಕ್ಲಿನಿಕ್ಕಿಗೇ ಹೋಗಿ, ಹಿಂದಿನ ತಂಡದ ಒಬ್ಬರನ್ನಾದರೂ ಮಾತನಾಡಿಸಿ. ಒಬ್ಬ ಮೇಲ್ವಿಚಾರಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿರುತ್ತಾರೆ, ರಕ್ತ ತೆಗೆಯುವ ಮೊದಲು ಲಸಿಕೆ ಹಾಕಿಸುತ್ತಾರೆಯೇ, ಸೂಜಿ ಚುಚ್ಚಿಕೊಂಡರೆ ಔಷಧಿಯ ಖರ್ಚು ಯಾರದು, ಕೊನೆಯ ಪರೀಕ್ಷೆಯಲ್ಲಿ ಕೆಲಸ ಮಾಡಿ ತೋರಿಸಬೇಕೇ ಅಥವಾ ಬರೆದರೆ ಸಾಕೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬರಹದಲ್ಲಿ ಕೊಡಲು ಹಿಂಜರಿಯುವ ಸಂಸ್ಥೆಗೆ ಶುಲ್ಕ ಕಟ್ಟದಿರುವುದು ಲೇಸು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ನರ್ಸಿಂಗ್ ಬೋಧಕಿ